ಟ್ಯಾಂಕ್: ಕೆರೆಯಿಂದ ರಣರಂಗಕ್ಕೆ

ಸ್ಯಾಂಕಿ ಟ್ಯಾಂಕ್ ಎಂದರೆ ಬೆಂಗಳೂರಿನವರಿಗೆ ಕೆರೆ, 1882ರಲ್ಲಿ ಕಟ್ಟಿದ್ದು. ಬ್ರಿಟಿಷರ ಕಡತಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕುಗಳೇ. ಮನೆಯ ತಾರಸಿಯ ಮೇಲಿನ ಟ್ಯಾಂಕೂ ಅದೇ ಪದ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ತೋಪಿನ ಮೂತಿ ಎತ್ತಿಕೊಂಡು ಬರುವ ಉಕ್ಕಿನ ಬಂಡಿಗೂ ಅದೇ ಹೆಸರು. ನೀರಿನ ಮಾತು ಯುದ್ಧಕ್ಕೆ ಹೋದದ್ದು ಹೇಗೆ?

ಗುಜರಾತಿ, ಮರಾಠಿಗಳಲ್ಲಿ ನೆಲದಡಿ ನೀರು ಕೂಡಿಡುವ ತೊಟ್ಟಿಗೆ ಟಾಂಕೆ, ಟಾಂಕಿ ಎನ್ನುವ ರೂಪಗಳಿವೆ. ಪೋರ್ಚುಗೀಸರ ಬಾಯಲ್ಲೂ ಕೊಳಕ್ಕೆ ಇಂಥದೇ ಪದವಿತ್ತು. ಇಂಗ್ಲಿಷರ ಟ್ಯಾಂಕಿನಲ್ಲಿ ಎರಡೂ ಬೆರೆತಿವೆ. ನಮ್ಮ ತಟಾಕದ ಜೊತೆಗೂ ಇದಕ್ಕೆ ನಂಟಿದೆ ಎನ್ನುವವರಿದ್ದಾರೆ. ಕೇಳಲು ಹಿತ, ಆದರೆ ನಾನು ಪಟ್ಟು ಹಿಡಿಯಲಾರೆ.

ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಕಾರ್ಖಾನೆಯೊಂದರಲ್ಲಿ ಕಂದಕ ದಾಟುವ ಯಂತ್ರ ಗುಟ್ಟಾಗಿ ಸಿದ್ಧವಾಗುತ್ತಿತ್ತು. ಅದನ್ನು ಕಲ್ಪಿಸಿಕೊಂಡವರು ಕರೆದದ್ದು 'ನೆಲದ ಹಡಗು' ಎಂದು. ಆ ಹೆಸರು ಹೊರಬಿದ್ದರೆ ಗುಟ್ಟೇ ರಟ್ಟು. ಮೆಸೊಪೊಟೇಮಿಯದ ಮರುಭೂಮಿಗೆ ನೀರು ಒಯ್ಯುವ ಪಾತ್ರೆ ಇದು ಎಂಬ ಸುದ್ದಿ ಹಬ್ಬಿಸಿದರು. ಆ ಡಿಸೆಂಬರಿನಲ್ಲಿ ಸೇನಾಧಿಕಾರಿ ಅರ್ನೆಸ್ಟ್ ಸ್ವಿಂಟನ್ ಮತ್ತು ಸಂಗಡಿಗರು ನಾಲ್ಕಾರು ಹೆಸರು ತೂಗಿ ನೋಡಿ, ಚಿಕ್ಕದೆಂದು 'ಟ್ಯಾಂಕ್' ಆರಿಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗಕ್ಕೆ ಅದು ಇಳಿಯಿತು. ಸುಮಾರು 28 ಟನ್ ತೂಕ, ಒಳಗೆ ಎಂಟು ಜನ, ಮನುಷ್ಯನ ನಡಿಗೆಯ ವೇಗ. ಗುಟ್ಟು ಅಂದೇ ಬಯಲಾಯಿತು, ಮರೆಮಾಚಲು ಇಟ್ಟ ಹೆಸರು ಮಾತ್ರ ಉಳಿದುಕೊಂಡಿತು. ಫ್ರೆಂಚರು ಅದನ್ನು ಬಂಡಿ ಎಂದರು, ಜರ್ಮನ್ನರು ಕವಚ ಎಂದರು, ಪೋಲೆಂಡಿನವರು ತೆವಳುವುದು ಎಂದರು. ರಷ್ಯನ್ನರೂ ನಾವೂ ಟ್ಯಾಂಕನ್ನೇ ಒಪ್ಪಿಕೊಂಡೆವು.

ಯುದ್ಧ ಮುಗಿದಾಗ ಬ್ರಿಟನ್ ಹಳೆಯ ಟ್ಯಾಂಕುಗಳನ್ನು ಊರೂರಿಗೆ ಕಾಣಿಕೆಯಾಗಿ ಕೊಟ್ಟಿತು. ಮುಂದೆ ಅವುಗಳಲ್ಲಿ ಬಹುತೇಕ ಗುಜರಿಗೆ ಹೋದವು. ಕೆಂಟ್ ಪ್ರಾಂತ್ಯದ ಆಶ್‌ಫರ್ಡಿನದು ಉಳಿದ ಬಗೆ ನನ್ನನ್ನು ಬಿಡದೆ ಕಾಡುತ್ತದೆ. 1929ರಲ್ಲಿ ಅದರ ಹೊಟ್ಟೆಯಿಂದ ಎಂಜಿನ್ ತೆಗೆದು ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇಟ್ಟರು. ಊರಿಗೆ ಕರೆಂಟು ಹಂಚುತ್ತಿದ್ದ ಅದನ್ನು ಒಡೆದು ಕರಗಿಸಲು ಯಾರಿಗೂ ಮನಸ್ಸಾಗಲಿಲ್ಲ. ಇಂಗ್ಲೆಂಡಿನದೇ ಬೋವಿಂಗ್ಟನ್ ಊರಿನ ಟ್ಯಾಂಕ್ ಸಂಗ್ರಹಾಲಯದಲ್ಲಿ 1915ರ ಮೊದಲ ಮಾದರಿ 'ಲಿಟಲ್ ವಿಲ್ಲಿ' ಇದೆ. ಅದೀಗ ಒಳಗೆ ಏನೂ ಇಲ್ಲದ ಖಾಲಿ ಉಕ್ಕಿನ ತೊಟ್ಟಿ.

ಉಕ್ರೇನಿನಲ್ಲಿ ಈಗ ಡ್ರೋನುಗಳು ನೆತ್ತಿಯ ಮೇಲಿಂದಲೇ ಎರಗುತ್ತವೆ, ಸೈನಿಕರು ಟ್ಯಾಂಕಿನ ಮೇಲೆ ಕಬ್ಬಿಣದ ಪಂಜರ ಬೆಸೆಯುತ್ತಿದ್ದಾರೆ. ಟ್ಯಾಂಕಿನ ಕಾಲ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಯಲು ದಾಟಬೇಕಾದ ಕಾಲಾಳಿಗೆ ಆ ಕವಚದ ಆಸರೆ ಇನ್ನೂ ಬೇಕು. ಆಶ್‌ಫರ್ಡಿನ ಟ್ಯಾಂಕಿಗೂ ಈಗ ತಲೆಯ ಮೇಲೊಂದು ಸೂರಿದೆ, ಮಳೆನೀರು ತಾಗದಿರಲೆಂದು.