ಆರು ಪೆನ್ಸಿನ ಗೇಟು

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ 12 ಕ್ಲಬ್‌ಗಳೊಂದಿಗೆ ಶುರುವಾಯಿತು. ಅವೆಲ್ಲ ಲ್ಯಾಂಕಾಷೈರ್ ಮತ್ತು ಮಿಡ್‌ಲ್ಯಾಂಡ್ಸ್ ಸೀಮೆಯ ಕೈಗಾರಿಕಾ ಊರುಗಳ ಕ್ಲಬ್‌ಗಳು. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಮೈದಾನದತ್ತ ನಡೆಯುವ ಕೆಲಸಗಾರರೇ ಅವುಗಳ ಪ್ರೇಕ್ಷಕರು. ಕೆಲವೇ ವರ್ಷಗಳಲ್ಲಿ ಲೀಗ್ ಗಂಡಸರ ಪ್ರವೇಶಕ್ಕೆ ಕನಿಷ್ಠ ಆರು ಪೆನ್ಸ್, ಎಂದರೆ ಅರ್ಧ ಶಿಲ್ಲಿಂಗ್, ಎಂದು ದರ ಗೊತ್ತುಮಾಡಿತು. ಅದಕ್ಕಿಂತ ಕಡಿಮೆಗೆ ಯಾವ ಕ್ಲಬ್ಬೂ ಒಳಗೆ ಬಿಡುವಂತಿರಲಿಲ್ಲ. ಕಸುಬು ಬಲ್ಲವನಿಗೆ ಈ ದರ ಭಾರವಾಗಲಿಲ್ಲ. ದಿನಗೂಲಿಯವನಿಗೆ ವಾರವಾರವೂ ಕೊಡುವುದು ಕಷ್ಟವಾಗಿತ್ತು. ಫುಟ್‌ಬಾಲ್ ಹುಟ್ಟಿನಿಂದಲೇ ಕಡುಬಡವರ ಆಟವಾಗಿತ್ತೆಂಬ ಮಾತನ್ನು ಪೂರ್ತಿ ಒಪ್ಪಲಾಗದು. ಹೆಂಗಸರಿಗೆ ಮಾತ್ರ ಮೊದಮೊದಲು ಹಲವೆಡೆ ಪುಕ್ಕಟೆ ಪ್ರವೇಶವಿತ್ತು. ಅವರು ಸಾವಿರಗಟ್ಟಲೆ ಬರತೊಡಗಿದ ಮೇಲೆ ಕ್ಲಬ್‌ಗಳು ಆ ಸವಲತ್ತನ್ನು ನಿಲ್ಲಿಸಿದವು.

ಒಂದೇ ಕನಿಷ್ಠ ದರದ ಜೊತೆಗೆ ಇನ್ನೆರಡು ಕಟ್ಟುಪಾಡುಗಳು ಬಂದವು. ಗೇಟಿನ ಹಣದಲ್ಲಿ ಎದುರಾಳಿ ತಂಡಕ್ಕೂ ಪಾಲು ಸಿಗುತ್ತಿತ್ತು. ಷೇರುದಾರರಿಗೆ ಕೊಡುವ ಲಾಭಾಂಶಕ್ಕೆ ಫುಟ್‌ಬಾಲ್ ಅಸೋಸಿಯೇಷನ್ ಮಿತಿ ಹಾಕಿತ್ತು. ಕ್ಲಬ್ ಒಡೆತನದಿಂದ ದೊಡ್ಡ ಲಾಭ ಮಾಡುವ ದಾರಿ ಇರಲಿಲ್ಲವಾದ್ದರಿಂದ ದರ ಏರಿಸುವ ಆತುರವೂ ಕಡಿಮೆಯಿತ್ತು.

ಎರಡನೆಯ ಮಹಾಯುದ್ಧ ಮುಗಿದಾಗ ಜನ ಮೈದಾನಗಳಿಗೆ ಮುಗಿಬಿದ್ದರು. 1948-49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಒಟ್ಟು ಸಂಖ್ಯೆ 4.1 ಕೋಟಿ ದಾಟಿತು. ಆ ಮಟ್ಟವನ್ನು ಲೀಗ್ ಆಮೇಲೆ ಕಾಣಲಿಲ್ಲ. 1985-86ರ ಹೊತ್ತಿಗೆ ಅದು 1.65 ಕೋಟಿಗೆ ಕುಸಿದಿತ್ತು.

ಈ ಇಳಿತಕ್ಕೆ ಟಿಕೆಟ್ ದರವೊಂದನ್ನೇ ಹೊಣೆ ಮಾಡುವಂತಿಲ್ಲ. ಇಳಿತ ಶುರುವಾದದ್ದು ಟಿಕೆಟ್ ಅಗ್ಗವಾಗಿದ್ದಾಗಲೇ. ಮನೆಗೆ ಟಿವಿ ಬಂತು, ಅಂಗಳಕ್ಕೆ ಕಾರು ಬಂತು. ಹಳೆಯ ಕೇರಿಗಳು ಕೆಡವಲ್ಪಟ್ಟು ಸಂಸಾರಗಳು ಮೈದಾನದಿಂದ ದೂರದ ಬಡಾವಣೆಗಳಿಗೆ ಹೋದವು. 1961ರಲ್ಲಿ ಆಟಗಾರರ ವಾರಕ್ಕೆ 20 ಪೌಂಡಿನ ಗರಿಷ್ಠ ಸಂಬಳದ ಕಟ್ಟಳೆ ರದ್ದಾಗಿ, ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದರು. ಸಂಬಳ ಏರುತ್ತ, ಜನ ಕಡಿಮೆಯಾಗುತ್ತ ಹೋದಾಗ ಕ್ಲಬ್‌ಗಳು ಉಳಿದವರ ಮೇಲೆಯೇ ದರದ ಹೊರೆ ಹೇರಿದವು. ಆ ಹಣಕ್ಕೆ ಪ್ರತಿಯಾಗಿ ಪ್ರೇಕ್ಷಕನಿಗೆ ಸಿಕ್ಕದ್ದು ಸೋರುವ ಚಾವಣಿ, ಹೊಲಸು ಶೌಚಾಲಯ, ಕಬ್ಬಿಣದ ಬೇಲಿ, ಪುಂಡರ ಹೊಡೆದಾಟ. ಪ್ರೇಕ್ಷಕನನ್ನು ಇಷ್ಟು ಕಡೆಗಣಿಸಿದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. 1985ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್‌ನ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. 1989ರ ಏಪ್ರಿಲ್‌ನಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು 97 ಜೀವಗಳನ್ನು ಬಲಿ ತೆಗೆದುಕೊಂಡಿತು.

ಹಿಲ್ಸ್‌ಬರೋ ದುರಂತದ ತನಿಖೆ ನಡೆಸಿದ ನ್ಯಾಯಾಧೀಶ ಟೇಲರ್ ಅವರ 1990ರ ವರದಿ ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದಿತು. ಇದರ ನೆವದಲ್ಲಿ ದರ ಏರಬಾರದೆಂಬುದು ಅವರ ಆಶಯ. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಕುಳಿತು ನೋಡಲು 6 ಪೌಂಡ್, ನಿಂತು ನೋಡಲು 4 ಪೌಂಡ್ ಇದ್ದುದನ್ನು ಅವರು ಉದಾಹರಿಸಿದ್ದರು. ಆದರೆ ಹಳೆಯ ಕಟ್ಟುಪಾಡುಗಳು ಅಷ್ಟರಲ್ಲಿ ಸಡಿಲಗೊಂಡಿದ್ದವು. 1983ರಲ್ಲೇ ಲೀಗ್ ಪಂದ್ಯಗಳ ಗೇಟಿನ ಹಣವೆಲ್ಲ ತವರು ಕ್ಲಬ್ಬಿಗೆಂದು ತೀರ್ಮಾನವಾಗಿತ್ತು. ಅದೇ ವರ್ಷ ಟಾಟನ್‌ಹ್ಯಾಮ್ ಒಂದು ಮಾತೃ ಕಂಪನಿಯನ್ನು ಷೇರುಪೇಟೆಗಿಳಿಸಿ ಲಾಭಾಂಶದ ಮಿತಿಯಿಂದ ನುಣುಚಿಕೊಂಡಿತ್ತು. 1992ರಲ್ಲಿ ಪ್ರೀಮಿಯರ್ ಲೀಗ್ ಬಂದ ಮೇಲೆ ದರ ಹಣದುಬ್ಬರವನ್ನು ಬಹುದೂರ ಹಿಂದಿಕ್ಕಿ ಏರಿತು. ಎದುರಾಳಿಯ ಹೆಸರು ನೋಡಿ ಪಂದ್ಯಗಳಿಗೆ ದರ್ಜೆ ಕಟ್ಟಿ, ದರ್ಜೆಗೊಂದು ಬೆಲೆ ಇಡುವ ಪದ್ಧತಿ ಹರಡಿತು. ಅಚ್ಚರಿಯೆಂದರೆ ದರದೊಂದಿಗೆ ಜನವೂ ಹೆಚ್ಚಿದರು. ಆಸನಗಳು ತುಂಬಿದವು; ಹಿಂದೆ ಗುಂಪುಗೂಡಿ ನಿಂತು ಕೂಗುತ್ತಿದ್ದ ಹದಿಹರೆಯದವರು ಮಾತ್ರ ವಿರಳವಾದರು. ಒಟ್ಟು ಹಾಜರಿಯ ಲೆಕ್ಕದಲ್ಲಿ ಈ ನಷ್ಟ ಕಾಣಿಸುವುದಿಲ್ಲ.

2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ 77 ಪೌಂಡಿನ ಟಿಕೆಟ್ ಘೋಷಿಸಿದಾಗ ಸುಮಾರು 10,000 ಅಭಿಮಾನಿಗಳು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಮಾಲೀಕರು ಕ್ಷಮೆ ಕೋರಿ ದರ ಹಿಂತೆಗೆದರು. ಮುಂದಿನ ತಿಂಗಳೇ ಪ್ರೀಮಿಯರ್ ಲೀಗ್ ಪರಸ್ಥಳದಿಂದ ಬರುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡಿನ ಮಿತಿ ಒಪ್ಪಿತು. ತವರು ಪ್ರೇಕ್ಷಕರಿಗೆ ಅಂಥ ಮಿತಿಯಿಲ್ಲ. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಋತುವಿನ ನಡುವೆಯೇ ಉಳಿದ ಟಿಕೆಟ್‌ಗಳಿಗೆ 66 ಪೌಂಡ್ ನಿಗದಿ ಮಾಡಿತು. ಆ ಟಿಕೆಟ್‌ಗಳಲ್ಲಿ ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿ ಇರಲಿಲ್ಲ.