ಡಿಜೆ ಸಂಗೀತ ಸಂಗ್ರಹದ ಬ್ಯಾಕಪ್
ಡಿಜೆಯ ಡಿಜಿಟಲ್ ಸಂಗ್ರಹದಲ್ಲಿ ಹಾಡಿನ ಫೈಲ್‌ಗಳ ಜೊತೆಗೆ ಕ್ಯೂ ಪಾಯಿಂಟ್ (ಹಾಡಿನೊಳಗಿನ ಬೇಕಾದ ಜಾಗದ ಗುರುತು), ಬೀಟ್‌ಗ್ರಿಡ್ (ತಾಳದ ಬೀಟ್‌ಗಳ ಗುರುತು), ಪ್ಲೇಲಿಸ್ಟ್‌ಗಳೂ ಇರುತ್ತವೆ. ಇವೆಲ್ಲದರ ಪ್ರತಿಯನ್ನು ಬೇರೆಡೆ ಕಾದಿಡುವುದೇ ಬ್ಯಾಕಪ್. ಕಳೆದ ಹಾಡನ್ನು ಹೆಚ್ಚಾಗಿ ಮತ್ತೆ ಕೊಳ್ಳಬಹುದು, ವರ್ಷಗಟ್ಟಲೆ ಹಾಕಿದ ಗುರುತುಗಳನ್ನು ಕೊಳ್ಳಲಾಗದು. ಸೆರಾಟೊ ಎಂಬ ಡಿಜೆ ತಂತ್ರಾಂಶ ಕ್ಯೂ ಗುರುತುಗಳನ್ನು ಬಹುಮಟ್ಟಿಗೆ ಹಾಡಿನ ಫೈಲಿನ ಟ್ಯಾಗ್‌ನಲ್ಲೇ ಬರೆಯುತ್ತದೆ. ರೆಕಾರ್ಡ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶ ಅವನ್ನು ಪ್ರತ್ಯೇಕ ಡೇಟಾಬೇಸಿನಲ್ಲಿ ಇಡುವುದರಿಂದ ಹಾಡುಗಳನ್ನಷ್ಟೇ ನಕಲಿಸಿದರೆ ಸಾಲದು. ಡೇಟಾಬೇಸು ಪ್ರತಿ ಫೈಲ್ ಇರುವ ಜಾಗವನ್ನು ದಾಖಲಿಸಿರುತ್ತದೆ. ಹಾಗಾಗಿ ಫೋಲ್ಡರಿನ ಹೆಸರು ಬದಲಾದರೂ ಹಾಡು ‘ಕಾಣೆ’ಯಾಗುತ್ತದೆ. ಸಾಮಾನ್ಯವಾಗಿ ಪಾಲಿಸುವ 3-2-1 ಕ್ರಮದಲ್ಲಿ ಮೂರು ಪ್ರತಿಗಳು ಎರಡು ಬಗೆಯ ಮಾಧ್ಯಮದಲ್ಲಿದ್ದು, ಒಂದಾದರೂ ಮನೆಯಾಚೆ ಇರುತ್ತದೆ. ಕ್ಲೌಡ್ ಸಿಂಕ್ ಇದಕ್ಕೆ ಪೂರ್ತಿ ಬದಲಿಯಲ್ಲ: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಾರ್ಯಕ್ರಮಕ್ಕೆ ಒಯ್ಯುವ ಎರಡನೇ ಪೆನ್‌ಡ್ರೈವ್ ಆ ರಾತ್ರಿಯ ಆಸರೆ ಮಾತ್ರ. ಸ್ಟ್ರೀಮಿಂಗ್ ಸೇವೆಯ ಹಾಡುಗಳು ಚಂದಾದಾರಿಕೆಗೆ ಕಟ್ಟುಬಿದ್ದಿರುವುದರಿಂದ ಬ್ಯಾಕಪ್ಪಿಗೆ ಒಳಪಡುವುದಿಲ್ಲ.