ಕಮಲ ಮಹಲು ಯಾರ ಮನೆ?

ಇಂದಾಪುರದಿಂದ ಊರ ಕಡೆಗೆ ಹೊರಟ ನಮ್ಮಲ್ಲಿ ಅನೇಕರು ಸೊಲ್ಲಾಪುರ, ವಿಜಯಪುರಗಳನ್ನು ದಾಟಿ ಹೊಸಪೇಟೆ ತಲುಪಿದಾಗ ಮಕ್ಕಳಿಗೆ ಹಂಪಿಯನ್ನು ತೋರಿಸದೆ ಮುಂದೆ ಹೋಗುವುದಿಲ್ಲ. ಅಲ್ಲಿ ಎತ್ತರವಾದ ಕಲ್ಲುಗೋಡೆಯ ಆವರಣದೊಳಗಿರುವ ಕಮಲ ಮಹಲಿನ ಮುಂದೆ ನಿಂತು ನಾವು ಹೇಳುವ ಮಾತು ಒಂದೇ: "ಇದು ರಾಣಿಯರ ಅರಮನೆ." ಈ ಮಾತಿಗೆ ಆಧಾರವೇನು ಎಂದು ಮಕ್ಕಳು ಕೇಳಿದರೆ?

ಕಟ್ಟಿಸಿದವರು ಯಾರು, ಯಾವಾಗ ಎಂದು ತಿಳಿಸುವ ಶಾಸನ ಈ ಕಟ್ಟಡದಲ್ಲಿಲ್ಲ. ಕಮಲ ಮಹಲು, ಚಿತ್ರಾಂಗಿಣಿ ಮಹಲು ಎಂಬ ಹೆಸರುಗಳು ಬಾಯಿಂದ ಬಾಯಿಗೆ ಬಂದವು. 1800ರ ಸುಮಾರಿನ ನಕಾಶೆಯಲ್ಲಿ ಇದನ್ನು ಮಂತ್ರಾಲೋಚನೆಯ ಸಭಾಗೃಹವೆಂದು ಗುರುತಿಸಲಾಗಿದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ರಾಣಿಯರಿಗೆ ಬೇರೆ ಬೇರೆ ಮನೆಗಳಿದ್ದವೆಂದು ಬರೆದದ್ದು ನಿಜ. ಆದರೆ ಅವು ಇವೇ ಎಂದು ಹೇಳುವಂತಿಲ್ಲ. ಆವರಣದ ಪಕ್ಕದಲ್ಲೇ ಹನ್ನೊಂದು ಕೋಣೆಗಳ ಆನೆಲಾಯವಿರುವುದರಿಂದ, ಇದು ಅರಸನ ಅಥವಾ ದಂಡನಾಯಕನ ನಿವಾಸದ ಭಾಗವಾಗಿರಬಹುದೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ.

ಕಟ್ಟಡವೇ ಏನು ಹೇಳುತ್ತದೆ? ಕೆಳ ಅಂತಸ್ತು ಕಮಾನುಗಳಿಂದ ಎಲ್ಲ ಕಡೆಗೂ ತೆರೆದುಕೊಂಡಿದೆ. ವಾಸದ ಮನೆಗಿಂತ ಕುಳಿತು ಮಾತನಾಡುವ, ಗಾಳಿಗೆ ವಿಶ್ರಮಿಸುವ ಮಂಟಪಕ್ಕೇ ಇದು ಹೆಚ್ಚು ಒಪ್ಪುತ್ತದೆ. ವಾಸದ ಅರಮನೆಗಳ ಮೇಲ್ಭಾಗ ಮರದ್ದಾಗಿತ್ತು. 1565ರ ಯುದ್ಧದ ನಂತರದ ನಾಶದಲ್ಲಿ ಅವು ಹೋಗಿ, ಕಲ್ಲಿನ ಜಗತಿಗಳಷ್ಟೇ ಉಳಿದಿವೆ. ಅಂಥ ದೊಡ್ಡ ಜಗತಿಯೊಂದು ಇದೇ ಆವರಣದಲ್ಲಿದೆ. ಗಾರೆಯಿಂದ ಕಟ್ಟಿದ ಕಮಲ ಮಹಲು ಮಾತ್ರ ನಿಂತಿತು.

ಒಡೆಯನ ಹೆಸರು ತಿಳಿಯದಿದ್ದರೂ ಕಸುಬುದಾರರ ಕೈ ಕಾಣುತ್ತದೆ. ದಳದಳವಾದ ಕಮಾನುಗಳು ಬಹಮನಿ ನಾಡಿನ ರೀತಿಯವು; ಮೇಲಿನ ಒಂಬತ್ತು ಶಿಖರಗಳು, ಮೂಲೆಮೂಲೆಯಾಗಿ ಚಾಚಿದ ಜಗತಿ ನಮ್ಮ ದೇವಾಲಯಗಳವು. ಅದೇ ಹಂಪಿಯಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಮಸೀದಿ ಕಟ್ಟಿಸಿದಾಗ ಆರಿಸಿಕೊಂಡದ್ದು ಕಂಬಗಳ ಮಂಟಪದ ರೀತಿಯನ್ನು. ಅವನ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ. ಅರಸುಗಳು ಕಾದಾಡಿದರು, ಕಸುಬುಗಳು ಕೊಟ್ಟು ತೆಗೆದುಕೊಂಡವು.

ಕಚೇರಿಯ ಕಡತದಲ್ಲಿ ಯಾರೋ ಅಂಚಿನಲ್ಲಿ ಬರೆದ ಟಿಪ್ಪಣಿ ಆದೇಶವಾಗುವುದಿಲ್ಲ. ಹಾಗೆಯೇ ಹೆಸರು ಪುರಾವೆಯಾಗುವುದಿಲ್ಲ. ಪರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ನಾಡಿನ ಚರಿತ್ರೆ ಬರುವುದು ಬಹುಮಟ್ಟಿಗೆ ನಮ್ಮ ಬಾಯಿಂದಲೇ. ಆದ್ದರಿಂದ ಮುಂದಿನ ಸಲ "ರಾಣಿಯರ ಅರಮನೆ ಎನ್ನುತ್ತಾರೆ, ಖಚಿತವಿಲ್ಲ, ಬಾ, ಕಮಾನು ನೋಡೋಣ, ಶಿಖರ ಎಣಿಸೋಣ" ಎನ್ನೋಣ. ಅಭಿಮಾನಕ್ಕೆ ಅದರಿಂದ ಕೊರತೆಯೇನೂ ಆಗದು.